ಕಾಡಿನ ಹುಳು ಕೈಮೀರುವುದು ಯಾವಾಗ? ಸ್ಪ್ರೆಡ್‌ಶೀಟಿನಲ್ಲಿ ಲೆಕ್ಕ ಹಾಕಿ ನೋಡುವ ಬಗೆ

ಕೆನಡಾದ ಪೂರ್ವ ಭಾಗದಲ್ಲಿ ಬಾಲ್ಸಮ್ ಫರ್ ಮತ್ತು ಸ್ಪ್ರೂಸ್ ಮರಗಳ ದೊಡ್ಡ ದೊಡ್ಡ ಕಾಡುಗಳಿವೆ. ಅಲ್ಲಿ ಸ್ಪ್ರೂಸ್ ಬಡ್‌ವರ್ಮ್ ಎಂಬ ಹುಳು ಇದೆ. ವರ್ಷಗಟ್ಟಲೆ ಹುಡುಕಿದರೂ ಅದು ಕಣ್ಣಿಗೆ ಬೀಳುವುದು ಅಪರೂಪ. ಆಮೇಲೆ ಕೆಲವೇ ವರ್ಷಗಳಲ್ಲಿ ಯಾವ ಕೊಂಬೆ ನೋಡಿದರೂ ಅದೇ. ಮತ್ತೆ ಕೆಲವು ವರ್ಷ ಕಳೆದರೆ ಹುಳು ಮಾಯ, ಉಳಿದದ್ದು ಸತ್ತ ಮರಗಳು. 20ನೇ ಶತಮಾನದಲ್ಲಿ 1910ರ, 1940ರ ಮತ್ತು 1970ರ ದಶಕಗಳ ಸುಮಾರಿಗೆ ಹೀಗೆ ಮೂರು ಸಲ ಆಯಿತು. ನಡುವಿನ ಅಂತರ ಮೂವತ್ತು ನಲವತ್ತು ವರ್ಷ.

ಈ ಹುಳು ಬೆಳೆದು ಪತಂಗವಾಗುತ್ತದೆ, ಒಂದು ಹೆಣ್ಣು ಪತಂಗ ಸುಮಾರು 200 ಮೊಟ್ಟೆ ಇಡುತ್ತದೆ. ಅಷ್ಟು ಮೊಟ್ಟೆ ಇಡುವ ಹುಳು ಮೂವತ್ತು ವರ್ಷ ಯಾಕೆ ಕಾಯುತ್ತದೆ? ಕಾಡಿನ ಹುಳುಗಳ ಲೆಕ್ಕ ಕಲಿಯಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಗೊತ್ತಿಲ್ಲ. ಪಿಯುಸಿ ಮಟ್ಟದ ಗಣಿತ, ಒಂದು ಸ್ಪ್ರೆಡ್‌ಶೀಟ್, ಒಂದು ಬಿಡುವಿನ ಮಧ್ಯಾಹ್ನ ಇದ್ದರೆ ಸಾಕು.

ಹೆಜ್ಜೆ 1: ಮೊದಲು ಹುಳುವಿನ ಬದುಕು ತಿಳಿದುಕೊಳ್ಳಿ

ಸಮೀಕರಣ ಆಮೇಲೆ. ಈ ಹುಳುವಿಗೆ ವರ್ಷಕ್ಕೆ ಒಂದೇ ತಲೆಮಾರು. ಬೇಸಿಗೆಯ ನಡುವೆ, ಜುಲೈ ಹೊತ್ತಿಗೆ, ಪತಂಗ ಬಂದು ಸೂಜಿ ಎಲೆಗಳ ಮೇಲೆ ಮೊಟ್ಟೆ ಇಡುತ್ತದೆ. ಮರಿ ಹೊರಗೆ ಬಂದ ಮೇಲೆ ಏನೂ ತಿನ್ನುವುದಿಲ್ಲ. ತೊಗಟೆಯ ಸಂದಿಯಲ್ಲಿ ರೇಷ್ಮೆಯ ಸಣ್ಣ ಗೂಡು ಕಟ್ಟಿಕೊಂಡು ಇಡೀ ಚಳಿಗಾಲ ಅಲ್ಲೇ ಮಲಗುತ್ತದೆ. ವಸಂತದಲ್ಲಿ ಎದ್ದು, ಆಗಷ್ಟೇ ಬಿಚ್ಚುತ್ತಿರುವ ಮೊಗ್ಗಿನೊಳಗೆ ನುಗ್ಗುತ್ತದೆ. ಅದಕ್ಕೆ ಬೇಕಾದದ್ದು ಎಳೆ ಚಿಗುರು. ಹಾಗಾಗಿ ಇನ್ನು ಮುಂದೆ ನಾನು ಇದನ್ನು ಚಿಗುರುಹುಳು ಅಂತಲೇ ಕರೆಯುತ್ತೇನೆ.

ಒಂದು ಕೊಂಬೆಯನ್ನು ಹತ್ತಿರ ಹಿಡಿದು ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಚಿಗುರುಹುಳು ಕಚ್ಚಿದ ಸೂಜಿಯನ್ನೆಲ್ಲ ತಿಂದು ಮುಗಿಸುವುದಿಲ್ಲ. ಬುಡದಲ್ಲಿ ಕತ್ತರಿಸಿ ಬಿಡುತ್ತದೆ. ಕತ್ತರಿಸಿದ ಸೂಜಿಗಳು ಅದರ ನೂಲಿಗೆ ಸಿಕ್ಕಿಕೊಂಡು ಕೊಂಬೆಯಲ್ಲೇ ಒಣಗಿ ಕಂದುಗೆಂಪಾಗುತ್ತವೆ. ಹಾವಳಿ ಜೋರಾದ ವರ್ಷ ಇಡೀ ಬೆಟ್ಟ ಬೆಂಕಿಗೆ ಬಾಡಿದ ಹಾಗೆ ಕಾಣುವುದು ಇದರಿಂದ. ಹೀಗೆ ನಾಲ್ಕೈದು ವರ್ಷ ಸತತವಾಗಿ ಚಿಗುರು ಹೋದರೆ ಬಾಲ್ಸಮ್ ಫರ್ ಮರ ಸಾಯಲು ಶುರುವಾಗುತ್ತದೆ.

ಇದರಿಂದ ನಮ್ಮ ಮಾಡೆಲ್‌ಗೆ, ಅಂದರೆ ಹುಳುವಿನ ಏರಿಳಿತವನ್ನು ಅನುಕರಿಸುವ ಲೆಕ್ಕಕ್ಕೆ, ಎರಡು ಮಾತು ಸಿಕ್ಕಿತು. ಹುಳು ಬೇಗ ಹೆಚ್ಚುತ್ತದೆ. ಮರ ಬೇಗ ಸಾಯುವುದಿಲ್ಲ, ಬೇಗ ಬೆಳೆಯುವುದೂ ಇಲ್ಲ.

ಹೆಜ್ಜೆ 2: ಎರಡು ಗಡಿಯಾರ ಬೇರೆ ಮಾಡಿ

ಮಾಡೆಲ್ ಮಾಡಲು ಕೂತವರಿಗೆ ಎಲ್ಲವನ್ನೂ ಸೇರಿಸುವ ಆಸೆ ಬರುತ್ತದೆ. ಮಳೆ, ಚಳಿ, ಗಾಳಿ, ಹಕ್ಕಿ, ಜೇಡ, ಪರಾವಲಂಬಿ ಕಣಜ, ಮರದ ವಯಸ್ಸು. ಸೇರಿಸುತ್ತಾ ಹೋದರೆ ಕೊನೆಗೆ ಯಾವುದರಿಂದ ಏನಾಯಿತು ಅಂತ ಹೇಳಲು ಆಗುವುದಿಲ್ಲ. ಪರಿಸರ ವಿಜ್ಞಾನಿ ಬಜ್ ಹೋಲಿಂಗ್ ಮತ್ತು ಅವರ ಜೊತೆಯವರು 1970ರ ದಶಕದಲ್ಲಿ ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಕಾಡಿಗೆ ಕಂಪ್ಯೂಟರಿನಲ್ಲಿ ಅಂಥ ದೊಡ್ಡ ಮಾಡೆಲ್ ಕಟ್ಟಿದ್ದರು. ಆಮೇಲೆ 1978ರಲ್ಲಿ ಡೊನಾಲ್ಡ್ ಲಡ್ವಿಗ್, ಡಿಕ್ಸನ್ ಜೋನ್ಸ್ ಮತ್ತು ಹೋಲಿಂಗ್ ಮೂವರೂ ಸೇರಿ ಅದರ ತಿರುಳನ್ನು ಕೆಲವೇ ಸಮೀಕರಣಗಳಿಗೆ ಇಳಿಸಿದರು. ನಾವು ಮಾಡುವುದು ಅವರ ದಾರಿಯ ಸರಳ ರೂಪ.

ಅವರು ಹಿಡಿದ ಎಳೆ ಇದು: ಹುಳುವಿನ ಗಡಿಯಾರ ವೇಗದ್ದು, ಕಾಡಿನ ಗಡಿಯಾರ ನಿಧಾನದ್ದು. ಹುಳು ಒಂದೆರಡು ವರ್ಷದಲ್ಲಿ ಹಲವು ಪಟ್ಟಾಗಬಹುದು. ಕಾಡು ತುಂಬಿಕೊಳ್ಳಲು ದಶಕಗಳೇ ಬೇಕು. ಹಾಗಾಗಿ ಮೊದಲು ಕಾಡು ನಿಂತಿದೆ ಅಂದುಕೊಂಡು ಹುಳುವನ್ನು ಮಾತ್ರ ಓಡಿಸಿ ನೋಡಬೇಕು. ಆಮೇಲೆ ಕಾಡನ್ನು ನಿಧಾನವಾಗಿ ನಡೆಸಬೇಕು. ಯಾವ ಕೀಟಕ್ಕೆ ಮಾಡೆಲ್ ಮಾಡಿದರೂ ಮೊದಲ ಕೆಲಸ ಇದೇ ಆಗಲಿ. ಯಾವುದು ಬೇಗ, ಯಾವುದು ನಿಧಾನ ಅಂತ ಕಾಗದದ ಮೇಲೆ ಎರಡು ಸಾಲು ಬರೆದುಕೊಳ್ಳಿ.

ಹೆಜ್ಜೆ 3: ಹುಟ್ಟು ಒಂದು ಕಡೆ, ಹಕ್ಕಿ ಇನ್ನೊಂದು ಕಡೆ

ಹುಟ್ಟಿನ ಲೆಕ್ಕ ಸುಲಭ. ಹುಳು ಕಡಿಮೆ ಇದ್ದಾಗ ಇದ್ದಷ್ಟಕ್ಕೆ ತಕ್ಕ ಹಾಗೆ ಬೆಳೆಯುತ್ತದೆ. ಜಾಸ್ತಿಯಾದಾಗ ಚಿಗುರು ಸಾಲದೆ ಬೆಳವಣಿಗೆ ಕುಗ್ಗುತ್ತದೆ. ಇದಕ್ಕೆ ಎಲ್ಲರೂ ಬಳಸುವ ಲಾಜಿಸ್ಟಿಕ್ ಸೂತ್ರ ಸಾಕು.

ಹಕ್ಕಿಯ ಲೆಕ್ಕದಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಮಾಡೆಲ್‌ನ ಜೀವ ಇರುವುದು ಇಲ್ಲೇ. ಹೋಲಿಂಗ್ 1959ರಲ್ಲಿ ಒಂದು ಚಂದದ ಪ್ರಯೋಗ ಮಾಡಿದ್ದರು. ಮೇಜಿನ ಮೇಲೆ ಸ್ಯಾಂಡ್‌ಪೇಪರಿನ ಬಿಲ್ಲೆಗಳನ್ನು ಹರಡಿದರು. ಸಹಾಯಕರೊಬ್ಬರ ಕಣ್ಣಿಗೆ ಬಟ್ಟೆ ಕಟ್ಟಿದರು. ಅವರು ಬೆರಳಿನಿಂದ ತಡಕಾಡಿ ಬಿಲ್ಲೆ ಸಿಕ್ಕಾಗ ಎತ್ತಿ ಪಕ್ಕಕ್ಕೆ ಇಡಬೇಕು. ಬಿಲ್ಲೆ ಜಾಸ್ತಿಯಾದಂತೆ ಸಿಗುವುದೂ ಜಾಸ್ತಿಯಾಯಿತು, ಆದರೆ ಒಂದು ಮಟ್ಟದವರೆಗೆ ಮಾತ್ರ. ಪ್ರತಿ ಬಿಲ್ಲೆಯನ್ನು ಎತ್ತಿಡಲು ಒಂದಿಷ್ಟು ಹೊತ್ತು ಬೇಕಲ್ವಾ? ಆ ಹೊತ್ತೇ ಮೇಲಿನ ಮಿತಿ. ಹಕ್ಕಿಗೂ ಹಾಗೇ. ಎಷ್ಟೇ ಹುಳು ಇರಲಿ, ಒಂದು ದಿನಕ್ಕೆ ಇಷ್ಟೇ ತಿನ್ನಲು ಸಾಧ್ಯ.

ಹಕ್ಕಿಗೆ ಇನ್ನೊಂದು ಗುಣವೂ ಇದೆ. ಹುಳು ತೀರಾ ವಿರಳವಾಗಿದ್ದಾಗ ಅದರ ಹಿಂದೆ ಹೋಗುವುದಿಲ್ಲ, ಬೇರೆ ಆಹಾರ ನೋಡಿಕೊಳ್ಳುತ್ತದೆ. ಹುಳು ಪದೇ ಪದೇ ಕಣ್ಣಿಗೆ ಬಿದ್ದ ಮೇಲೆ ಅದನ್ನೇ ಹುಡುಕಲು ಕಲಿಯುತ್ತದೆ. ಈ ಎರಡೂ ಗುಣ ಸೇರಿಸಿ ಗ್ರಾಫ್ ಎಳೆದರೆ ಗೆರೆ ಮೊದಲು ಮಟ್ಟಸವಾಗಿ, ನಡುವೆ ಕಡಿದಾಗಿ, ಕೊನೆಗೆ ಮತ್ತೆ ಮಟ್ಟಸವಾಗಿ ಹೋಗುತ್ತದೆ. ಈ ಆಕಾರಕ್ಕೆ ಸೂತ್ರ: ಹು² ÷ (1 + ಹು²). ಇಲ್ಲಿ ಹು ಅಂದರೆ ಹುಳು.

ಹೆಜ್ಜೆ 4: ಅಳತೆಗೋಲು ಬದಲಿಸಿ

ಎಕರೆಗೆ ಎಷ್ಟು ಲಕ್ಷ ಹುಳು ಅಂತ ಎಣಿಸುತ್ತಾ ಕೂತರೆ ಲೆಕ್ಕ ಭಾರವಾಗುತ್ತದೆ. ಹಕ್ಕಿಗಳು ತಮ್ಮ ಗರಿಷ್ಠ ವೇಗದ ಅರ್ಧದಷ್ಟು ತಿನ್ನುವಾಗ ಎಷ್ಟು ಹುಳು ಇರುತ್ತವೋ ಅದನ್ನು 1 ಅಂತ ಇಟ್ಟುಕೊಳ್ಳಿ. ಮೇಲಿನ ಸೂತ್ರದಲ್ಲಿ ಹು ಜಾಗಕ್ಕೆ 1 ಹಾಕಿ ನೋಡಿ, ಅರ್ಧ ಬರುತ್ತದೆ. ಈಗ ಉಳಿಯುವುದು ಎರಡೇ ಅಂಕಿ.

ಒಂದು, ಮಿತಿ. ಹಕ್ಕಿಗಳೇ ಇಲ್ಲದಿದ್ದರೆ ಕಾಡು ಎಷ್ಟು ಹುಳುವನ್ನು ಸಾಕಬಲ್ಲದು ಎಂಬುದು. ಕಲಿಯಲು ಇದನ್ನು 10 ಅಂತ ಇಡೋಣ. ನಿಜವಾದ ಕಾಡಿನಲ್ಲಿ ಇದು ಇನ್ನೂ ಬಹಳ ದೊಡ್ಡದು.

ಇನ್ನೊಂದು, ಕಾಡಿನ ಅಂಕಿ. ಇದನ್ನು ಕಾ ಎನ್ನೋಣ. ಹುಳು ಹುಟ್ಟುವ ವೇಗ ಮತ್ತು ಹಕ್ಕಿ ಹುಡುಕುವ ಕಷ್ಟ ಎರಡೂ ಇದರೊಳಗೆ ಸೇರಿವೆ. ಎಳೆಯ ಕಾಡಿನಲ್ಲಿ ಕೊಂಬೆ ಕಡಿಮೆ. ಹಕ್ಕಿಗೆ ಹುಳು ಬೇಗ ಸಿಗುತ್ತದೆ, ಹಾಗಾಗಿ ಕಾ ಸಣ್ಣದು. ಮರ ಬಲಿತು ಕೊಂಬೆ ತುಂಬಿದಂತೆ ಅಷ್ಟೇ ಹುಳು ಹೆಚ್ಚು ಎಲೆಗಳ ನಡುವೆ ಹರಡಿಕೊಳ್ಳುತ್ತದೆ. ಹಕ್ಕಿ ಹುಡುಕುವುದು ಕಷ್ಟವಾಗಿ ಕಾ ಏರುತ್ತದೆ.

ಪೂರ್ತಿ ಸೂತ್ರ ಇಷ್ಟೇ:

ಹುಳುವಿನ ಬದಲಾವಣೆ = ಕಾ × ಹು × (1 − ಹು/10) − ಹು²/(1 + ಹು²)

ಮೊದಲ ಭಾಗ ಹುಟ್ಟು, ಎರಡನೆಯದು ಹಕ್ಕಿಯ ಪಾಲು.

ಹೆಜ್ಜೆ 5: ಶೀಟ್ ತೆರೆಯಿರಿ

ಎ ಕಾಲಮ್‌ನಲ್ಲಿ 1, 2, 3 ಅಂತ ಸಾಲಿನ ನಂಬರ್. ಬಿ ಕಾಲಮ್‌ನಲ್ಲಿ ಹುಳು. ಸಿ ಕಾಲಮ್‌ನಲ್ಲಿ ಕಾಡಿನ ಅಂಕಿ. ಮೊದಲ ಸಾಲನ್ನು ತಲೆಬರಹಕ್ಕೆ ಬಿಡಿ. ಬಿ2ರಲ್ಲಿ 1.9 ಹಾಕಿ, ಸಿ2ರಲ್ಲಿ 0.5 ಹಾಕಿ. ಬಿ3ರಲ್ಲಿ ಈ ಸೂತ್ರ:

= ಬಿ2 + 0.5 × (ಸಿ2 × ಬಿ2 × (1 − ಬಿ2/10) − ಬಿ2²/(1 + ಬಿ2²))

ಗುಣಾಕಾರಕ್ಕೆ ನಕ್ಷತ್ರದ ಗುರುತು ಒತ್ತಬೇಕು. ವರ್ಗಕ್ಕೆ ಬಿ2ನ್ನು ಬಿ2ರಿಂದಲೇ ಗುಣಿಸಿದರೆ ಸಾಕು. ಆವರಣದ ಹೊರಗಿರುವ 0.5 ಕಾಲದ ಒಂದು ಹೆಜ್ಜೆ. ಅದಕ್ಕೂ ಸಿ2ರ 0.5ಕ್ಕೂ ಸಂಬಂಧ ಇಲ್ಲ. ಒಂದು ಸಾಲು ಅಂದರೆ ಒಂದು ವರ್ಷ ಅಂತಲೂ ತಿಳಿಯಬೇಡಿ, ಇದು ಅಳತೆಗೋಲು ಬದಲಿಸಿದ ಮೇಲಿನ ಕಾಲ. ಸಿ3ರಲ್ಲಿ ಸದ್ಯಕ್ಕೆ = ಸಿ2. ಎರಡನ್ನೂ 100 ಸಾಲು ಕೆಳಗೆ ಎಳೆಯಿರಿ.

ಬಿ3ರಲ್ಲಿ ಸುಮಾರು 1.893 ಬಂದರೆ ಸೂತ್ರ ಸರಿ ಇದೆ. ಬೇರೆ ಏನಾದರೂ ಬಂದರೆ ಆವರಣ ಚಿಹ್ನೆಗಳನ್ನು ಇನ್ನೊಮ್ಮೆ ನೋಡಿ. ಕೆಳಗೆ ಹೋದಂತೆ ಹುಳು ಇಳಿದು ಇಳಿದು 0.7ರ ಹತ್ತಿರ ನಿಲ್ಲುತ್ತದೆ.

ಈಗ ಬಿ2ನ್ನು ಮಾತ್ರ 2.1 ಮಾಡಿ. ಅಷ್ಟೇ ಬದಲಾವಣೆ. ಬಿ3 ಸುಮಾರು 2.107 ಆಗುತ್ತದೆ. ಮೊದಲ ಹತ್ತಿಪ್ಪತ್ತು ಸಾಲು ಏನೂ ಆಗದ ಹಾಗೆ ಕಾಣುತ್ತದೆ. ಆಮೇಲೆ ಗೆರೆ ಏಳುತ್ತದೆ, ಏಳುತ್ತಲೇ ಹೋಗಿ 7.3ರ ಹತ್ತಿರ ನಿಲ್ಲುತ್ತದೆ.

ಅದೇ ಕಾಡು, ಅದೇ ಹಕ್ಕಿ, ಅದೇ ಹುಳು. ಶುರುವಿನಲ್ಲಿ 0.2ರಷ್ಟು ವ್ಯತ್ಯಾಸ, ಕೊನೆಯಲ್ಲಿ ಹತ್ತು ಪಟ್ಟು. ನಾನು ಮೊದಲ ಸಲ ಇದನ್ನು ಮಾಡಿದಾಗ ಸೂತ್ರ ತಪ್ಪಿರಬೇಕು ಅಂದುಕೊಂಡು ಕಾಗದದಲ್ಲಿ ಬಿಡಿಸಿ ನೋಡಿದೆ. ತಪ್ಪಿರಲಿಲ್ಲ. ಬದಲಾವಣೆ ಸೊನ್ನೆ ಆಗುವ ಜಾಗಗಳು ಮೂರು: 0.68, ಸರಿಯಾಗಿ 2, ಮತ್ತು 7.32. ಮೊದಲನೆಯದು ಹಕ್ಕಿಗಳು ಹುಳುವನ್ನು ಹದ್ದುಬಸ್ತಿನಲ್ಲಿ ಇಟ್ಟಿರುವ ಸ್ಥಿತಿ. ಮೂರನೆಯದು ಹಾವಳಿ. ನಡುವಿನ 2 ಮನೆಯ ಹೊಸ್ತಿಲಿನ ಹಾಗೆ. ಅದರ ಮೇಲೆ ಯಾರೂ ನಿಲ್ಲುವುದಿಲ್ಲ, ಈ ಕಡೆ ಇಲ್ಲವೇ ಆ ಕಡೆ.

ಹೆಜ್ಜೆ 6: ಕಾಡಿನ ಅಂಕಿ ತಿರುಗಿಸಿ ನೋಡಿ

ಬಿ2ಕ್ಕೆ 0.7 ಹಾಕಿ, ಸಿ2ನ್ನು 0.6 ಮಾಡಿ. ಹುಳು ಕಡಿಮೆಯಿಂದಲೇ ಶುರುವಾದರೂ ಮೇಲೇರಿ 7.9ರ ಹತ್ತಿರ ನಿಲ್ಲುತ್ತದೆ. ಕಾ ಸುಮಾರು 0.56 ದಾಟಿದ ಮೇಲೆ, 0.68ರ ಹಾಗೆ ಹುಳು ಕಡಿಮೆಯಲ್ಲೇ ನಿಲ್ಲುವ ಕೆಳಗಿನ ತಂಗುದಾಣವೇ ಇಲ್ಲ.

ಈಗ ಹಿಂದಕ್ಕೆ ಬನ್ನಿ. ಬಿ2ಕ್ಕೆ 7.9 ಹಾಕಿ, ಸಿ2ನ್ನು 0.5 ಮಾಡಿ. ಹಾವಳಿ ಇಳಿಯುವುದಿಲ್ಲ. 0.4 ಮಾಡಿ. ಆಗಲೂ ಹುಳು 5.8ರ ಸುತ್ತ ಉಳಿಯುತ್ತದೆ. 0.3 ಮಾಡಿ, 200 ಸಾಲು ಎಳೆಯಿರಿ. ಈಗ ಕುಸಿಯುತ್ತದೆ. ಕುಸಿಯಲು ಕಾ ಸುಮಾರು 0.38ಕ್ಕಿಂತ ಕೆಳಗೆ ಬರಲೇಬೇಕು. ಏರುವ ಮೆಟ್ಟಿಲು ಒಂದು ಕಡೆ, ಇಳಿಯುವ ಮೆಟ್ಟಿಲು ಇನ್ನೊಂದು ಕಡೆ. ಹಾವಳಿ ಶುರುವಾದ ಕಾಡಿನ ಸ್ಥಿತಿಗೆ ವಾಪಸ್ ಹೋದರೆ ಹಾವಳಿ ನಿಲ್ಲುತ್ತದೆ ಅಂತ ಅಂದುಕೊಳ್ಳುವುದು ಈ ಕಾರಣಕ್ಕೆ ತಪ್ಪು.

ಹೆಜ್ಜೆ 7: ಔಷಧಿ ಹೊಡೆದು ನೋಡಿ

ಇಡೀ ಲೆಕ್ಕದಲ್ಲಿ ನನಗೆ ಅತಿ ಮುಖ್ಯ ಅನಿಸುವ ಹೆಜ್ಜೆ ಇದು. ದಯವಿಟ್ಟು ಬಿಟ್ಟು ಮುಂದೆ ಹೋಗಬೇಡಿ.

ಕಾ 0.5 ಇರಲಿ, ಹಾವಳಿ 7.3ರಲ್ಲಿ ಇರಲಿ. ಸಿಂಪಡಣೆಯಿಂದ 70 ಶೇಕಡಾ ಹುಳು ಸತ್ತವು ಅನ್ನಿ. ಉಳಿದದ್ದು 2.19. ಅದನ್ನು ಬಿ2ಕ್ಕೆ ಹಾಕಿ ಓಡಿಸಿ, ಹಾವಳಿ ವಾಪಸ್ ಬರುತ್ತದೆ. 80 ಶೇಕಡಾ ಸತ್ತರೆ ಉಳಿದದ್ದು 1.46. ಓಡಿಸಿ, ಹುಳು ತಾನಾಗಿ 0.68ಕ್ಕೆ ಇಳಿಯುತ್ತದೆ. ಉಳಿದ ಕೆಲಸ ಹಕ್ಕಿಗಳದ್ದು. 70ಕ್ಕೂ 80ಕ್ಕೂ ನಡುವೆ ಹೊಸ್ತಿಲಿದೆ.

ಇದನ್ನೇ ಬಲಿತ ಕಾಡಿನಲ್ಲಿ ಮಾಡಿ. ಕಾ 0.6, ಹಾವಳಿ 7.9. 80 ಶೇಕಡಾ ಕೊಂದರೆ ಉಳಿದದ್ದು 1.58. 50 ಸಾಲು ಮುಗಿಯುವ ಮೊದಲೇ ಹುಳು 7 ದಾಟಿರುತ್ತದೆ. 90 ಶೇಕಡಾ ಕೊಂದರೂ ವಾಪಸ್ ಬರುತ್ತದೆ, ಸ್ವಲ್ಪ ತಡವಾಗಿ ಅಷ್ಟೇ. ಕಾಡು ಹಾಗೇ ಉಳಿದಿದೆ, ಚಿಗುರು ಇದೆ, ಹಕ್ಕಿಗೆ ಹುಡುಕುವುದು ಕಷ್ಟವಾಗಿಯೇ ಇದೆ. ಎಲೆ ಉಳಿಸಿದ್ದಕ್ಕೇ ಹುಳುವಿಗೂ ಊಟ ಉಳಿಯಿತು.

ನ್ಯೂ ಬ್ರನ್ಸ್‌ವಿಕ್‌ನಲ್ಲಿ 1952ರಿಂದ ವಿಮಾನದಲ್ಲಿ ಡಿಡಿಟಿ ಸಿಂಪಡಿಸಿದರು. ಮರಗಳು ಉಳಿದವು. ಆದರೆ ಸಿಂಪಡಣೆ ವರ್ಷ ವರ್ಷವೂ ಮುಂದುವರಿಯಬೇಕಾಯಿತು. ಮಿರಾಮಿಶಿ ನದಿಯ ಸಾಲ್ಮನ್ ಮೀನಿನ ಮರಿಗಳು ಸತ್ತವು. ಆ ಕಾಡಿನ ಜನರಿಗೆ ಪೇಪರ್ ಮಿಲ್ಲು, ಮರಗೆಲಸವೇ ಅನ್ನ. ಅವರ ಆತಂಕ ಸುಳ್ಳಲ್ಲ. ಅದಕ್ಕೇ ಎಷ್ಟು ಕೊಲ್ಲಬೇಕು ಎಂಬುದಕ್ಕಿಂತ ಯಾವಾಗ ಕೊಲ್ಲಬೇಕು ಎಂಬ ಪ್ರಶ್ನೆ ದೊಡ್ಡದು. 2014ರಿಂದ ಅದೇ ಪ್ರಾಂತ್ಯದಲ್ಲಿ ಬೇರೆ ದಾರಿ ಪ್ರಯತ್ನಿಸುತ್ತಿದ್ದಾರೆ. ಹುಳು ಇನ್ನೂ ಕಡಿಮೆ ಇರುವಾಗಲೇ, ಅಲ್ಲಲ್ಲಿ ಏಳುತ್ತಿರುವ ಜಾಗಗಳನ್ನು ಗುರುತಿಸಿ ಅಲ್ಲಿಗೆ ಮಾತ್ರ ಸಿಂಪಡಿಸುತ್ತಾರೆ. ಡಿಡಿಟಿ ಬದಲು ಬಿಟಿ ಬ್ಯಾಕ್ಟೀರಿಯಾದಂಥ, ಮುಖ್ಯವಾಗಿ ಪತಂಗ ಜಾತಿಯ ಹುಳುಗಳನ್ನೇ ಹಿಡಿಯುವ ಔಷಧಿ ಬಳಸುತ್ತಾರೆ. ಹುಳು ಹೊಸ್ತಿಲು ದಾಟುವ ಮೊದಲೇ ತಡೆಯುವ ಯೋಚನೆ ಇದು.

ಹೆಜ್ಜೆ 8: ಈಗ ಕಾಡನ್ನು ನಡೆಸಿ

ಇಷ್ಟು ಹೊತ್ತು ಕಾಡು ನಿಂತಿತ್ತು. ಸಿ3ರ ಸೂತ್ರ ಬದಲಿಸಿ:

= ಸಿ2 + 0.5 × 0.005 × (1 − ಬಿ2/2)

ಹುಳು 2ಕ್ಕಿಂತ ಕಡಿಮೆ ಇದ್ದರೆ ಕಾಡು ತುಂಬಿಕೊಳ್ಳುತ್ತದೆ, ಜಾಸ್ತಿ ಇದ್ದರೆ ಸೊರಗುತ್ತದೆ. 0.005 ಎಂಬ ಸಣ್ಣ ಅಂಕಿಯೇ ಕಾಡಿನ ನಿಧಾನ. ಈ ಸಾಲು ಮಾತ್ರ ನಾನು ಕಲಿಕೆಗಾಗಿ ಸರಳ ಮಾಡಿ ಬರೆದದ್ದು. 1978ರ ಮಾಡೆಲ್‌ನಲ್ಲಿ ಕೊಂಬೆಗಳ ವಿಸ್ತಾರ ಮತ್ತು ಮರದ ಚೈತನ್ಯಕ್ಕೆ ಬೇರೆ ಬೇರೆ ಸಮೀಕರಣಗಳಿವೆ.

ಬಿ2ಕ್ಕೆ 0.5, ಸಿ2ಕ್ಕೆ 0.4 ಹಾಕಿ 1200 ಸಾಲು ಎಳೆಯಿರಿ. ಎರಡೂ ಕಾಲಮ್‌ಗೆ ಗ್ರಾಫ್ ಮಾಡಿ. ಹುಳುವಿನ ಗೆರೆ ತುಂಬಾ ಹೊತ್ತು ನೆಲಕ್ಕೆ ಅಂಟಿಕೊಂಡು ಹೋಗುತ್ತದೆ. ಸುಮ್ನೆ ಮಲಗಿದ ಹಾಗೆ. ಕೆಳಗೆ ಕಾಡಿನ ಗೆರೆ ಮಾತ್ರ ಸದ್ದಿಲ್ಲದೆ ಏರುತ್ತಿರುತ್ತದೆ. ಆಮೇಲೆ ಹುಳು ಒಮ್ಮೆಲೇ ಏಳುತ್ತದೆ, ಕಾಡು ಇಳಿಯುತ್ತದೆ, ಹುಳು ಬೀಳುತ್ತದೆ. ಮತ್ತೆ ಅದೇ ಕಾಯುವಿಕೆ. 1200 ಸಾಲಿನೊಳಗೆ ಇದು ಮೂರು ನಾಲ್ಕು ಸಲ ಆಗುತ್ತದೆ. ಹೊರಗಿನಿಂದ ಯಾರೂ ಬಂದು ಬೆಂಕಿ ಹಚ್ಚಲಿಲ್ಲ. ಮಳೆ ಇಲ್ಲ, ಬರ ಇಲ್ಲ. ಹುಳು ಕಾದದ್ದು ಕಾಡು ತುಂಬಲಿ ಅಂತ. ಮೂವತ್ತು ವರ್ಷದ ಪ್ರಶ್ನೆಗೆ ಈ ಮಾಡೆಲ್ ಕೊಡುವ ಉತ್ತರ ಅದು.

0.005ನ್ನು 0.01 ಮಾಡಿ ನೋಡಿ, ಮಿತಿಯನ್ನು 10ರಿಂದ 15ಕ್ಕೆ ಏರಿಸಿ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಏನಾಯಿತು ಅಂತ ಪಕ್ಕದಲ್ಲೇ ಬರೆದಿಡಿ.

ಹೆಜ್ಜೆ 9: ನಿಮ್ಮ ಮಾಡೆಲ್ ಮೇಲೆ ನೀವೇ ಅನುಮಾನ ಪಡಿ

ಗ್ರಾಫ್ ಚಂದ ಬಂತು ಅಂದ ಮಾತ್ರಕ್ಕೆ ನಿಜ ಅಂತ ಅಲ್ಲ. ನ್ಯೂ ಬ್ರನ್ಸ್‌ವಿಕ್‌ನ ಗ್ರೀನ್ ರಿವರ್ ಕಾಡಿನಲ್ಲಿ 1940ರ ದಶಕದಿಂದ ವರ್ಷಗಟ್ಟಲೆ ಹುಳು ಎಣಿಸಿದ ದಾಖಲೆ ಇದೆ. ಟಿ. ರೊಯಾಮಾ ಎಂಬ ವಿಜ್ಞಾನಿ ಅದನ್ನು ಮತ್ತೆ ಕೂತು ನೋಡಿ 1984ರಲ್ಲಿ ಬೇರೆಯೇ ಮಾತು ಹೇಳಿದರು. ಎರಡು ತಂಗುದಾಣಗಳ ನಡುವಿನ ಜಿಗಿತ ಅಲ್ಲಿ ಕಾಣುವುದಿಲ್ಲ. ಕಾಣುವುದು ನಿಧಾನವಾದ ಉಬ್ಬರ ಇಳಿತ. ಅದನ್ನು ನಡೆಸುವುದು ಬೆಳೆದ ಹುಳುಗಳನ್ನು ಕೊಲ್ಲುವ ಪರಾವಲಂಬಿ ಕೀಟಗಳು, ರೋಗಗಳು ಅಂತ ಅವರ ವಾದ.

ಇಬ್ಬರಲ್ಲಿ ಯಾರು ಸರಿ ಅಂತ ಪಕ್ಷ ಕಟ್ಟುವ ಮೊದಲು, ಎರಡು ಮಾಡೆಲ್‌ಗಳ ಭವಿಷ್ಯ ಎಲ್ಲಿ ಬೇರೆಯಾಗುತ್ತದೆ ನೋಡಿ. ನಮ್ಮ ಮಾಡೆಲ್ ಪ್ರಕಾರ ಹಾವಳಿಗಳ ನಡುವೆ ಹುಳು ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ವರ್ಷಗಟ್ಟಲೆ ನಿಲ್ಲಬೇಕು. ರೊಯಾಮಾ ಪ್ರಕಾರ ಅದು ಎಂದೂ ನಿಲ್ಲುವುದಿಲ್ಲ, ಇಳಿಯುತ್ತಿರುತ್ತದೆ ಇಲ್ಲವೇ ಏರುತ್ತಿರುತ್ತದೆ. ಅಂದರೆ ಉತ್ತರ ಇರುವುದು ಹುಳು ಕಣ್ಣಿಗೆ ಬೀಳದ ವರ್ಷಗಳ ಎಣಿಕೆಯಲ್ಲಿ. ಹಾವಳಿ ಇಲ್ಲದಾಗ ಎಣಿಸಲು ಯಾರಿಗೂ ಉತ್ಸಾಹ ಇರುವುದಿಲ್ಲ, ದುಡ್ಡೂ ಸಿಗುವುದಿಲ್ಲ. ಆದರೆ ಬೇಕಾಗಿರುವುದು ಅದೇ ಎಣಿಕೆ.

ಎಣಿಸುವ ರೀತಿಯೂ ತಿಳಿದಿರಲಿ. ಮರದಿಂದ 45 ಸೆಂಟಿಮೀಟರ್ ಉದ್ದದ ಕೊಂಬೆತುದಿ ಕತ್ತರಿಸಿ, ಅದರಲ್ಲಿರುವ ಹುಳುಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಚಳಿಗಾಲದ ಮರಿಗಳಾದರೆ ಕೊಂಬೆಯನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸುತ್ತಾರೆ. ಗೂಡಿನ ರೇಷ್ಮೆ ಕರಗಿ ಮರಿಗಳು ಬಿಟ್ಟುಕೊಳ್ಳುತ್ತವೆ. ಅಂಥ ಎಣಿಕೆ ಕೈಗೆ ಸಿಕ್ಕರೆ ಗ್ರಾಫನ್ನು ಲಾಗ್ ಅಳತೆಯಲ್ಲಿ, ಅಂದರೆ 1, 10, 100 ಅಂತ ಪ್ರತಿ ಗೆರೆಗೂ ಹತ್ತು ಪಟ್ಟಾಗುವ ಅಳತೆಯಲ್ಲಿ, ಎಳೆಯಿರಿ. ಸಾಮಾನ್ಯ ಅಳತೆಯಲ್ಲಿ ಹಾವಳಿಯ ವರ್ಷ ಬಿಟ್ಟು ಉಳಿದದ್ದೆಲ್ಲ ಸೊನ್ನೆಯ ಹಾಗೆ ಕಾಣುತ್ತದೆ.

ಹೆಜ್ಜೆ 10: ತೇಗಕ್ಕೆ ತರುವಾಗ

ಇದನ್ನು ನಮ್ಮ ಕಡೆಯ ಕಾಡಿಗೆ ಹಚ್ಚಬಹುದಾ ಅಂತ ಕೇಳುವವರಿದ್ದಾರೆ. ತೇಗದ ಎಲೆ ತಿನ್ನುವ ಹೈಬ್ಲಿಯ ಪ್ಯೂರ ಹುಳು ಕರ್ನಾಟಕದಲ್ಲೂ ಇದೆ, ಕೇರಳದಲ್ಲೂ ಇದೆ. ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ನಿಲಂಬೂರಿನ ಎಳೆಯ ತೇಗದ ತೋಪಿನಲ್ಲಿ ಅಳೆದಾಗ, ಈ ಹುಳುವಿನಿಂದ ಮರದ ಬೆಳವಣಿಗೆಯಲ್ಲಿ 44 ಶೇಕಡಾ ನಷ್ಟ ಕಂಡಿತು.

ಆದರೆ ಚಿಗುರುಹುಳುವಿನ ಶೀಟನ್ನು ಹಾಗೇ ತಂದು ಇಲ್ಲಿ ಇಡಬೇಡಿ. ಎರಡು ಗಡಿಯಾರಗಳ ಪ್ರಶ್ನೆಯಿಂದ ಮತ್ತೆ ಶುರು ಮಾಡಿ. ತೇಗದ ಹುಳುವಿಗೆ ವರ್ಷಕ್ಕೆ ಒಂದಲ್ಲ, ಹಲವು ತಲೆಮಾರು. ಒಂದು ತಲೆಮಾರಿಗೆ ಮೂರು ವಾರದ ಆಸುಪಾಸು ಸಾಕು. ಮರ ಸಾಮಾನ್ಯವಾಗಿ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಅಂದರೆ ಇಲ್ಲಿ ಹುಳುವಿನ ಕೈ ಕಟ್ಟುವುದು ಕಾಡಿನ ವಯಸ್ಸಲ್ಲ, ಎಲೆಯ ವಯಸ್ಸು. ಎಳೆ ಎಲೆ ಬಲಿತರೆ ಮರಿಗೆ ತಿನ್ನಲು ಕಷ್ಟ. ಪತಂಗಗಳು ಗುಂಪಾಗಿ ಜಾಗ ಬದಲಿಸುತ್ತವೆ, ಹಾಗಾಗಿ ಒಂದು ತೋಪನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಹುಳು ಎಲ್ಲಿಂದಲೋ ಉದುರಿದ ಹಾಗೆ ಕಾಣುತ್ತದೆ. ಅವುಗಳನ್ನು ಕೊಲ್ಲುವ ವೈರಸ್ ಕೂಡ ಇದೆ, ಹುಳು ಒತ್ತಾದಾಗ ಅದು ಬೇಗ ಹರಡುತ್ತದೆ.

ಹೊಸ ಶೀಟ್ ತೆರೆದು ಸಾಲಿಗೊಂದು ದಿನ ಇಟ್ಟುಕೊಳ್ಳಿ. ಕಾಡಿನ ಅಂಕಿ ಇದ್ದ ಸಿ ಕಾಲಮ್‌ನಲ್ಲಿ ಎಳೆ ಎಲೆ ಎಷ್ಟಿದೆ ಎಂಬುದನ್ನು ಬರೆಯಿರಿ. ಡಿ ಕಾಲಮ್ ಹೊರಗಿನಿಂದ ಬರುವ ಪತಂಗಕ್ಕೆ. ಮುಂಗಾರಿಗೆ ಮೊದಲಿನ ಮಳೆ ಬಿದ್ದು ತೇಗ ಚಿಗುರುವ ದಿನವೇ ಮೊದಲ ಸಾಲು.